ನೀರಿನ ಸಭೆಯಲ್ಲಿ ನನ್ನ ಹೆಸರು

ನನ್ನ ಜಾಗ ಪತ್ರದ ಪ್ರಕಾರ ಮನೆ ಕಟ್ಟುವ ನಿವೇಶನ, ಆಕಾಶದಿಂದ ನೋಡಿದರೆ ಭತ್ತದ ಗದ್ದೆ. ಸರಕಾರ ಆಕಾಶವನ್ನು ನಂಬಿತು. ಪರವಾನಗಿ ಕೇಳಲು ಹೋದಾಗ ಕಚೇರಿಯ ಕಿಟಕಿಯ ಹಿಂದಿದ್ದ ಹುಡುಗಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಉಪಗ್ರಹದ ಚಿತ್ರ ನೋಡಿ ಹಸಿರು ಬಳಿದ ನಕ್ಷೆಯ ಮೇಲೆ ಪೆನ್ನಿನ ತುದಿ ಇಟ್ಟಳು.

“ಇಬು, ಇದು ರಕ್ಷಿತ ಭತ್ತದ ಭೂಮಿ. ಇಲ್ಲಿ ಮನೆ ಕಟ್ಟೋ ಹಾಗಿಲ್ಲ.”

“ರಕ್ಷಿಸ್ತಿರೋದು ಯಾರಿಂದಮ್ಮ?”

ಹುಡುಗಿ ಸ್ವಲ್ಪ ಯೋಚಿಸಿದಳು. “ನಿಮ್ಮಿಂದ ಅನ್ಸತ್ತೆ, ಇಬು.”

ಅಮ್ಮಾ ಎನ್ನುವ ಹಾಗೆ ಇಬು ಎಂದವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ನಿಜ ಹೇಳುವವರು ಆ ಕಚೇರಿಯಲ್ಲಿ ಅವಳೊಬ್ಬಳೇ ಇದ್ದ ಹಾಗಿತ್ತು. ಆದರೆ ಮನೆ ನನಗೆ ಬೇಕಾಗಿತ್ತು, ಅದೂ ಬೇಗ ಬೇಕಾಗಿತ್ತು. ಗಲುಂಗನ್ ಹಬ್ಬ ಕಳೆದ ಮೇಲೆ ಅಣ್ಣನ ಮಗನಿಗೆ ಮದುವೆ. ನಾನು ಮಲಗುವ ಪಡುವಣ ಕೋಣೆ ಹೊಸ ಹುಡುಗಿಗೆ ಬೇಕು.

“ನಿನ್ನ ಹೊಲಿಗೆ ಮೆಷಿನ್ನು ಅಡುಗೆಮನೆ ಪಕ್ಕ ಇಟ್ಕೋಬಹುದು ನೆಂಗಾ, ಅದಕ್ಕೇನೂ ತೊಂದರೆಯಿಲ್ಲ,” ಎಂದಿದ್ದಳು ಅತ್ತಿಗೆ.

“ನನ್ನನ್ನ ಎಲ್ಲಿ ಇಟ್ಕೋತೀಯ?”

ಅತ್ತಿಗೆ ಅಕ್ಕಿ ತೊಳೆಯುತ್ತಿದ್ದವಳು ಇನ್ನೊಂದು ಸಲ ತೊಳೆದಳು. ಕೆಟ್ಟವಳಲ್ಲ ಅವಳು. ಇದ್ದ ಕೋಣೆಗಳೇ ಅಷ್ಟು, ಅವಳಾದರೂ ಏನು ಮಾಡಬೇಕು.

ನನ್ನ ಪೂರ್ತಿ ಹೆಸರು ನೆಂಗಾ ರಸ್ಮಿನಿ. ದೇವರ ಮೆರವಣಿಗೆಗೆ ಹಿಡಿಯುವ ಕೊಡೆಗಳನ್ನು ಹೊಲಿಯುತ್ತೇನೆ. ತಬನನ್ ಪೇಟೆಯ ಮೂರು ಅಂಗಡಿಗೆ ನನ್ನ ಕೊಡೆಗಳು ಹೋಗುತ್ತವೆ, ಅದರ ಅಂಚಿನ ಜಾಲರಿ ನನ್ನಷ್ಟು ಚೆನ್ನಾಗಿ ಯಾರೂ ಹೊಲಿಯುವುದಿಲ್ಲ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮದುವೆಯಾಗಿ ಹೋಗುವಾಗ ಮನೆಯ ತೀರಿಹೋದ ಹಿರಿಯರ ಗುಡಿಯ ಮುಂದೆ ನನ್ನನ್ನು ಕೂರಿಸಿ “ಇನ್ನು ಇವಳು ನಿಮ್ಮವಳಲ್ಲ” ಎಂದು ಅರಿಕೆ ಮಾಡಿದ್ದರು. ಗಂಡನ ಜೊತೆ ಏಗಲಾರದೆ ವಾಪಸು ಬಂದಾಗ ಮತ್ತೆ ಅಲ್ಲೇ ಕೂರಿಸಿ “ಬಂದಿದ್ದಾಳೆ” ಎಂದು ಅರಿಕೆ ಮಾಡಿದರು. ಹಿರಿಯರು ಏನಂದರೋ ಗೊತ್ತಿಲ್ಲ, ಊರವರು ಏನಂದರು ಎಂಬುದು ಗೊತ್ತು.

ನಮ್ಮಲ್ಲಿ ಕೇರಿಯ ಕೂಟದ ಲೆಕ್ಕವೆಲ್ಲ ಜೋಡಿಗಳದ್ದು. ಗಂಡ ಹೆಂಡತಿ ಸೇರಿ ಒಂದು ಹೆಸರು. ನಾನು ಅಣ್ಣನ ಮನೆಯ ಲೆಕ್ಕಕ್ಕೆ ಸೇರಿಹೋದೆ, ಅಂದರೆ ಯಾವ ಲೆಕ್ಕಕ್ಕೂ ಇಲ್ಲ. ಹಬ್ಬದ ಮುನ್ನಾದಿನ ತೆಂಗಿನ ಗರಿ ಹೆಣೆಯಲು, ಬಾಳೆಲೆ ಕತ್ತರಿಸಲು ಕರೆಯುತ್ತಿದ್ದರು, ಕೈ ಬೇಕಲ್ಲ. ಹೆಸರು ಕೂಗುವಾಗ ಅಣ್ಣನ ಹೆಸರು ಕೂಗುತ್ತಿದ್ದರು.

ಕೊಡೆಗಳಿಂದ ಉಳಿಸಿದ ದುಡ್ಡಿನಲ್ಲಿ ರಸ್ತೆಯ ಕೆಳಗಿನ ಆ ತುಂಡು ಜಾಗ ಕೊಂಡೆ. ಮಾರಿದವನು ಅಲ್ಲಿ ಅಂಗಡಿ ಹಾಕಬೇಕೆಂದು ಮೊದಲೇ ನಿವೇಶನವೆಂದು ಪತ್ರ ಮಾಡಿಸಿಟ್ಟಿದ್ದ. ಒಂದು ಕೋಣೆ, ಒಂದು ಒಲೆ, ಮೂಲೆಯಲ್ಲೊಂದು ಗುಡಿ, ಅಷ್ಟಕ್ಕೆ ಸಾಕು. ಆದರೆ ಜಾಗ ಕೊಂಡ ಮೇಲೆ ಕಟ್ಟಲು ಕೈಯಲ್ಲಿ ಕಾಸು ಉಳಿಯಲಿಲ್ಲ. ಹುಲ್ಲು ಬೆಳೆಯಿತು. ಜಾಗದ ನಡುವೆ ಮೊದಲಿನಿಂದಲೂ ಕಾಲುವೆಯ ನೀರು ಹಾದು ಕೆಳಗಿನ ಗದ್ದೆಗೆ ಹೋಗುತ್ತಿತ್ತು. ಕೆಳಗಿನ ಗದ್ದೆ ರೆಂತಿಗ್‌ನದು. ಊರಿಗೆಲ್ಲ ಅಜ್ಜ, ಅದಕ್ಕೇ ಎಲ್ಲರ ಬಾಯಲ್ಲೂ ಪೆಕಕ್. ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು ಕೂಗಿದ.

“ಏ ನೆಂಗಾ, ನಿನ್ನ ಜಾಗದಲ್ಲಿ ಹುಲ್ಲು ನನ್ನೆತ್ತರ ಆಗಿದೆ. ಇಲಿಗಳಿಗೆಲ್ಲ ಮನೆ ಕಟ್ಟಿಕೊಟ್ಟಿದ್ದೀಯಲ್ಲ, ನಿನಗೆ ಯಾವಾಗ ಕಟ್ಕೊಳ್ಳೋದು?”

“ದುಡ್ಡು ಆದಾಗ, ಪೆಕಕ್.”

“ಅಲ್ಲಿವರೆಗೆ ನಿನ್ನ ಬಾಡಿಗೆದಾರರು ನನ್ನ ಭತ್ತ ತಿನ್ತಾರೆ. ನಾಟಿ ಮಾಡು. ಸಸಿ ನಾನು ಕೊಡ್ತೀನಿ.”

“ನಾನು ಕೊಡೆ ಹೊಲಿಯೋಳು. ನಾಟಿ ಎಲ್ಲಿ ಬರತ್ತೆ ನಂಗೆ?”

“ಇದೂ ಹೊಲಿಗೆನೇ ಕಣೇ. ಸಾಲು ನೆಟ್ಟಗಿದ್ರೆ ಆಯ್ತು.”

ನಾಟಿ ಮಾಡಿದೆ. ಸಾಲು ಅವನ ಸಾಲಿಗಿಂತ ನೆಟ್ಟಗೆ ಬಂತು, ಅದನ್ನು ಅವನಿಗೆ ಹೇಳಿಯೂ ಹೇಳಿದೆ. ನೀರು ತೆಗೆದುಕೊಂಡವರು ಸುಬಕ್‌ಗೆ ಸೇರಲೇಬೇಕು. ಸುಬಕ್ ಎಂದರೆ ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಗಳ ಸಂಘ. ಯಾರು ಯಾವಾಗ ನಾಟಿ ಮಾಡಬೇಕು, ಯಾರಿಗೆ ಎಷ್ಟು ನೀರು, ಎಲ್ಲ ಅಲ್ಲೇ ತೀರ್ಮಾನ. ಪೆಕಕ್ ನನ್ನನ್ನು ಕರೆದುಕೊಂಡು ಹೋಗಿ ಸಂಘದ ಗುಡಿಯ ಮುಂದಿನ ಮಂಟಪದಲ್ಲಿ ಕೂರಿಸಿದ.

ಸಭೆಗೆ ಮುಂಚೆ ಯಜಮಾನ ಪಾನ್ ಸುವಿತ್ರಿ ಹೆಸರು ಕೂಗುತ್ತಾನೆ. ಕೂಗುವ ಕ್ರಮ ನೀರು ಹೋಗುವ ಕ್ರಮ. ಮೇಲಿನ ಗದ್ದೆಯವನ ಹೆಸರು ಮೊದಲು, ಆಮೇಲೆ ಅವನ ಕೆಳಗಿನವನದು, ಹೀಗೆ ಇಳಿದು ಬರುತ್ತದೆ. ಸುವೆಚ ಎಂದ, ಇದ್ದೀನಿ ಎಂದು ನನ್ನ ಮೇಲಿನ ಗದ್ದೆಯ ಸುವೆಚ ಹೇಳಿದ. ಆಮೇಲೆ ನೆಂಗಾ ರಸ್ಮಿನಿ ಎಂದ. ಅಣ್ಣನ ಹೆಸರಿಲ್ಲ, ಬಿಟ್ಟ ಗಂಡನ ಹೆಸರಿಲ್ಲ, ಇಂಥವರ ಮನೆಯವಳು ಎಂಬುದೂ ಇಲ್ಲ. ಬರೀ ನನ್ನ ಹೆಸರು. ಅದನ್ನೇ ಕೇಳುತ್ತ ಕೂತುಬಿಟ್ಟೆ.

“ಬಂದಿದ್ದಾಳೋ ಇಲ್ಲವೋ?” ಎಂದ ಪಾನ್ ಸುವಿತ್ರಿ ತಲೆಯೆತ್ತಿ.

“ಇದ್ದೀನಿ,” ಎಂದೆ.

“ಮುಂದಿನ ಸಲ ಸ್ವಲ್ಪ ಜೋರಾಗಿ. ರೆಂತಿಗ್. ರೆಂತಿಗ್…” ಪೆಕಕ್‌ಗೆ ಕಿವಿ ಮಂದ. ಅವನನ್ನು ಎರಡು ಸಲ ಕೂಗಬೇಕು.

ಒಂದು ಸಲ ಜ್ವರ ಬಂದು ಸಭೆಗೆ ಹೋಗಲಿಲ್ಲ. ಮರುದಿನ ಪಾನ್ ಸುವಿತ್ರಿ ಮನೆ ಬಾಗಿಲಿಗೇ ಬಂದು ದಂಡ ಕೇಳಿದ. ಬಾರದವರ ಹೆಸರುಗಳನ್ನೂ ಸಭೆಯ ಕೊನೆಯಲ್ಲಿ ಕೂಗುತ್ತಾರೆ, ನಿನ್ನದನ್ನೂ ಕೂಗಿದೆ ಎಂದ. ಹೊದ್ದುಕೊಂಡು ನಡುಗುತ್ತಿದ್ದವಳನ್ನು ನೋಡಿಯೂ ಮುಖದಲ್ಲಿ ಮರುಕವಿಲ್ಲ. ನಾನು ಅವನ ಜನ್ಮ ಜಾಲಾಡಿದೆ. ಅವನು ಹೋದ ಮೇಲೆ ಒಬ್ಬಳೇ ಗೋಡೆಗೆ ಮುಖ ಮಾಡಿ ನಕ್ಕೆ. ನಾನಿಲ್ಲದ್ದು ಇಡೀ ಸಭೆಗೆ ಗೊತ್ತಾಗಿತ್ತು.

ಹೀಗೆ ವರ್ಷಗಳು ಹೋದವು, ಮನೆಗೆಂದು ದುಡ್ಡೂ ಸ್ವಲ್ಪ ಸ್ವಲ್ಪ ಕೂಡಿತು. ನೀರು ಒಳಗೆ ಬರುವ ಕಡೆ ಬಿದಿರಿನ ಸಣ್ಣ ಗುಡಿ ಮಾಡಿ ಭತ್ತ ಕಾಯುವ ದೇವಿ ಶ್ರೀಯನ್ನು ಇಟ್ಟೆ, ಹೂವು ಅನ್ನ ಇಡುತ್ತ ಬಂದೆ. ಬೆಳಿಗ್ಗೆ ಪೆಕಕ್ ಬದುವಿನ ಮೇಲೆ ಬಂದು “ನೀರು ಬಿಟ್ಟಿಯಾ?” ಎಂದು ಕೇಳುತ್ತಿದ್ದ. ಬಿಟ್ಟಿರುವುದು ಅವನಿಗೆ ಕಾಣುತ್ತಿತ್ತು, ಆದರೂ ಕೇಳುತ್ತಿದ್ದ. ಆಮೇಲೆ ಅಡಿಕೆ ಜಗಿಯುತ್ತ ಕೂತು ಊರವರನ್ನೆಲ್ಲ ಒಂದು ಸುತ್ತು ಬೈಯುತ್ತಿದ್ದ. ಗದ್ದೆಯಲ್ಲಿ ಹಾವುಮೀನು ಸಿಕ್ಕರೆ ಒಂದನ್ನು ನನ್ನ ಬದುವಿನ ಮೇಲೆ ಇಟ್ಟು ಹೋಗುತ್ತಿದ್ದ. ನನ್ನ ದಿನದ ಮಾತೆಲ್ಲ ಅಲ್ಲೇ ಮುಗಿಯುತ್ತಿತ್ತು. ಅಣ್ಣನ ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ.

ಆ ಹಸಿರನ್ನೇ ಆಕಾಶ ನೋಡಿದ್ದು.

ಕಚೇರಿಯಿಂದ ಬಂದವಳು ಬಡವರ ಮೊಕದ್ದಮೆ ನಡೆಸುವ ವಕೀಲೆಯೊಬ್ಬಳ ಹತ್ತಿರ ಹೋದೆ. ದಯು ಎಂದು ಹೆಸರು, ನನ್ನ ಮಗಳ ವಯಸ್ಸು, ನನಗೆ ಮಗಳಿದ್ದರೆ. ಪತ್ರ ಓದಿ, ನಕ್ಷೆ ನೋಡಿ, ಪೆನ್ನು ಕಚ್ಚಿದಳು.

“ಪತ್ರ ನಕ್ಷೆಗಿಂತ ಹಳೇದು. ಅವರು ಜಾಗಕ್ಕೆ ಬಂದು ನೋಡದೆ ಮೇಲಿಂದ ಬಣ್ಣ ಬಳಿದಿದ್ದಾರೆ. ನಮ್ಮ ಕಡೆ ಗಟ್ಟಿಯಿದೆ, ಇಬು. ಆದರೆ ಒಂದು ತೊಡಕಿದೆ.”

“ಏನು?”

“ನೀವು ಸುಬಕ್ ಸದಸ್ಯೆ. ಗದ್ದೆ ಇಲ್ಲದವರು ಸುಬಕ್‌ಗೆ ಸೇರಲ್ಲ ಅಂತ ಅವರು ಹೇಳ್ತಾರೆ. ನ್ಯಾಯಾಧೀಶರು ಜಾಗ ನೋಡೋಕೆ ಬರ್ತಾರೆ. ಅಷ್ಟರೊಳಗೆ ನೀರು ನಿಲ್ಲಬೇಕು, ಗುಡಿ ಎದ್ದು ಹೋಗಬೇಕು, ನೀವು ಸಂಘ ಬಿಡಬೇಕು.”

“ಸಂಘ ಬಿಡದೆ ಆಗಲ್ವಾ?”

ದಯು ನನ್ನನ್ನು ವಿಚಿತ್ರವಾಗಿ ನೋಡಿದಳು. “ಇಬು, ನಿಮಗೆ ಮನೆ ಬೇಕಾ ಸಭೆ ಬೇಕಾ?”

ಎರಡೂ ಬೇಕು ಎಂದರೆ ಹುಚ್ಚಿ ಎನ್ನುತ್ತಾಳೆಂದು, ಮನೆ ಎಂದೆ.

ಪಾನ್ ಸುವಿತ್ರಿಯ ಹತ್ತಿರ ಹೋಗಿ ಹೇಳಿದೆ. ಅವನು ಕಾಫಿಯ ಗಸಿ ಕೆಳಗಿಳಿಯುವವರೆಗೆ ಲೋಟ ನೋಡುತ್ತ ಕೂತ. “ಬಿಡೋದಾದ್ರೆ ಸಭೆ ಮುಂದೆ ನೀನೇ ಹೇಳಬೇಕು. ನಿನ್ನ ಪರವಾಗಿ ನಾನು ಹೇಳೋಕಾಗಲ್ಲ,” ಎಂದ.

ಸಭೆಯಲ್ಲಿ ಹೆಸರು ಕೂಗಿದರು. ನಾನು ಎಂದಿಗಿಂತ ಜೋರಾಗಿ ಇದ್ದೀನಿ ಎಂದೆ, ಒಬ್ಬಿಬ್ಬರು ತಿರುಗಿ ನೋಡಿದರು. ಆಮೇಲೆ ಎದ್ದು ನಿಂತು, ಮನೆ ಕಟ್ಟಬೇಕು, ಕೋರ್ಟಿನಲ್ಲಿ ಹೀಗೆ ಹೀಗಿದೆ, ಸಂಘ ಬಿಡುತ್ತಿದ್ದೇನೆ ಎಂದು ಹೇಳಿದೆ. ಸುವೆಚ ಬಾಯಿ ಹಾಕಿದ.

“ಅವಳು ಯಾಕೆ ಬಿಡಬೇಕು? ಯಜಮಾನ್ರೇ, ಕೋರ್ಟಿನವರು ಬಂದಾಗ ಅವಳು ನಮ್ಮವಳಲ್ಲ ಅಂತ ನೀವೇ ಒಂದು ಮಾತು ಹೇಳಿಬಿಡಿ. ಮುಗೀತಲ್ಲ.”

“ನೀನು ಮೊನ್ನೆ ಕಳ್ಳನೀರು ತಿರುಗಿಸಿದಾಗ ನಾನು ಸುಳ್ಳು ಹೇಳಿದ್ನಾ?” ಎಂದ ಪಾನ್ ಸುವಿತ್ರಿ.

ಎಲ್ಲರೂ ನಕ್ಕರು, ಸುವೆಚನೂ ನಕ್ಕ. ಪಾನ್ ಸುವಿತ್ರಿ ನಗಲಿಲ್ಲ. “ಈ ಗುಡಿ ಮುಂದೆ ಕೂತು ಒಬ್ಬಳಿಗೋಸ್ಕರ ಸುಳ್ಳು ಹೇಳಿದ್ರೆ ನಾಳೆ ನೀರು ಹಂಚೋವಾಗ ನನ್ನ ಮಾತು ಯಾರು ನಂಬ್ತೀರಿ? ಅವಳು ಬಿಟ್ಟರೆ ಬಿಟ್ಟಳು ಅಂತ ಹೇಳ್ತೀನಿ. ಇದ್ದರೆ ಇದ್ದಾಳೆ ಅಂತ ಹೇಳ್ತೀನಿ.”

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನಗೆ ಕಷ್ಟವಾದದ್ದು. ಒಬ್ಬರಾದರೂ ಅನ್ಯಾಯ ಮಾಡಿದ್ದರೆ ಬೈದುಕೊಂಡು ಹಗುರವಾಗಬಹುದಿತ್ತು.

ಪೂಜಾರಿಯನ್ನು ಕರೆಸಿ ದೇವಿ ಶ್ರೀಯನ್ನು ಪೆಕಕ್‌ನ ಗದ್ದೆಗೆ ಸಾಗಿಸಿದೆವು. ನೀರಿನ ಬಾಯಿ ಮುಚ್ಚಿದೆ. ಮುಚ್ಚಿದರೆ ಪೆಕಕ್‌ನ ಗದ್ದೆ ಒಣಗುತ್ತದಲ್ಲ, ಅದಕ್ಕೆ ನನ್ನ ಜಾಗದ ಅಂಚಿನಲ್ಲಿ ಒಂದು ಕಾಲುವೆ ತೋಡಬೇಕಾಯಿತು. ಅವನೇ ಗುದ್ದಲಿ ತಂದ. ಆ ವಯಸ್ಸಿನಲ್ಲಿ ಬೇಡ ಎಂದರೂ ಕೇಳಲಿಲ್ಲ.

“ಕೋರ್ಟು ಸೋತರೆ ಇದನ್ನ ಮುಚ್ಚೋದಕ್ಕೂ ನಾನೇ ಬರಬೇಕಾ?” ಎಂದ, ಅರ್ಧ ತೋಡಿ ಸುಸ್ತಾಗಿ ಕೂತು.

“ಸೋಲಲಿ ಅಂತಿದ್ದೀಯಾ, ಪೆಕಕ್?”

ಅವನು ಎದ್ದು ಮತ್ತೆ ತೋಡತೊಡಗಿದ.

ನ್ಯಾಯಾಧೀಶರು ಬಂದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಮೂವರೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬದುವಿನ ಮೇಲೆ ನಡೆದು ಬಂದರು. ರಾಜಧಾನಿಯಿಂದ ಬಂದ ಸರಕಾರಿ ವಕೀಲ ಮಾತ್ರ ಬೂಟು ಬಿಚ್ಚಲಿಲ್ಲ, ಎರಡನೇ ತಿರುವಿನಲ್ಲೇ ಮೊಣಕಾಲವರೆಗೆ ಕೆಸರಿಗಿಳಿದ. ಸುಬಕ್‌ನವರೆಲ್ಲ ಮೇಲಿನ ಬದುವಿನಲ್ಲಿ ಸಾಲಾಗಿ ನಿಂತಿದ್ದರು. ಯಾರೂ ನಗಲಿಲ್ಲ, ನಗದಿರಲು ಅವರು ಪಡುತ್ತಿದ್ದ ಪಾಡು ನನಗೆ ಕಾಣುತ್ತಿತ್ತು. ನನ್ನ ಜಾಗ ಒಣಗಿ ಬಿರುಕು ಬಿಟ್ಟಿತ್ತು. ಹಿಂದಿನ ಕೊಯ್ಲಿನ ಕೂಳೆ ಅಲ್ಲಲ್ಲಿ ಉಳಿದಿತ್ತು.

ಪಾನ್ ಸುವಿತ್ರಿ ತನ್ನ ಮಾತಿನಂತೆ, ಇದ್ದಳು, ಈಗ ಬಿಟ್ಟಿದ್ದಾಳೆ ಎಂದ. ಆಮೇಲೆ ವಕೀಲ ನನ್ನ ಕಡೆ ತಿರುಗಿದ.

“ಇಲ್ಲಿ ಸುಬಕ್ ನೀರು ಬರ್ತಿತ್ತು.”

“ಬರ್ತಿತ್ತು.”

“ಭತ್ತ ಬೆಳೀತಿದ್ರಿ. ದೇವಿ ಶ್ರೀ ಗುಡಿ ಇತ್ತು.”

“ಹೌದು.”

“ಮನೆ ಕಟ್ಟೋ ಜಾಗ ಅಂತ ಹೇಳ್ತಿದ್ದೀರಿ. ಹಾಗಿದ್ದ ಮೇಲೆ ಗದ್ದೆಯವರ ಸಂಘಕ್ಕೆ ಯಾಕೆ ಸೇರಿದ್ರಿ?”

ಇದಕ್ಕೆ ದಯು ಉತ್ತರ ಕಲಿಸಿಟ್ಟಿದ್ದಳು. ಖಾಲಿ ಬಿಟ್ಟರೆ ಇಲಿ ಕಾಟ, ನೆರೆಯವರು ಹೇಳಿದರು, ಅದಕ್ಕೆ ತಾತ್ಕಾಲಿಕವಾಗಿ. ಎಲ್ಲವೂ ನಿಜವೇ. ಬಾಯಿ ತೆರೆದೆ, ಮೇಲಿನ ಬದುವಿನಲ್ಲಿ ನಿಂತ ಮುಖಗಳು ಕಂಡವು, ಪೆಕಕ್ ಅಡಿಕೆ ಜಗಿಯುವುದನ್ನು ನಿಲ್ಲಿಸಿದ್ದ.

“ಅಲ್ಲಿ ನನ್ನ ಹೆಸರು ಕೂಗ್ತಾರೆ,” ಎಂದೆ.

“ಏನು?”

“ಸಭೆ ಶುರುವಾಗೋ ಮುಂಚೆ ಎಲ್ಲರ ಹೆಸರು ಕೂಗ್ತಾರೆ. ನಂದೂ ಕೂಗ್ತಾರೆ. ಇದ್ದೀನಿ ಅಂತ ನಾನು ಹೇಳ್ತೀನಿ. ಇನ್ನೆಲ್ಲೂ ಯಾರೂ ನನ್ನ ಹೆಸರು ಕೂಗಲ್ಲ. ಅದಕ್ಕೆ ಸೇರಿದೆ.”

ವಕೀಲ ನನ್ನನ್ನೇ ನೋಡಿದ, ಆಮೇಲೆ ತನ್ನ ಕೆಸರು ಕಾಲು ನೋಡಿಕೊಂಡ. ಇಷ್ಟು ವರ್ಷ ನನ್ನೊಳಗೇ ಇಟ್ಟುಕೊಂಡಿದ್ದನ್ನು ಊರವರೆಲ್ಲರ ಮುಂದೆ ಒಣಹಾಕಿದ ಹಾಗಾಯಿತು. ಗುಮಾಸ್ತ ಪೆನ್ನು ಹಿಡಿದು, “ಏನಂತ ಬರೀಲಿ?” ಎಂದು ಕೇಳಿದ.

ಹಿರಿಯ ನ್ಯಾಯಾಧೀಶರು ಬೂಟುಗಳನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು. “ವೈಯಕ್ತಿಕ ಕಾರಣಕ್ಕೆ ಅಂತ ಬರಿ,” ಎಂದರು.

ತೀರ್ಪಿನಲ್ಲೂ ಹಾಗೇ ಬಂತು. ಪತ್ರ ನಕ್ಷೆಗಿಂತ ಹಳೆಯದು, ಸ್ಥಳ ಪರಿಶೀಲನೆ ನಡೆದಿಲ್ಲ, ಸುಬಕ್ ಸದಸ್ಯತ್ವ ವೈಯಕ್ತಿಕ ಕಾರಣಕ್ಕೆ, ಆದ್ದರಿಂದ ನಕ್ಷೆಯಲ್ಲಿ ಈ ಜಾಗದ ಮಟ್ಟಿಗೆ ಹಸಿರು ಅಳಿಸತಕ್ಕದ್ದು. ದಯು ಫೋನಿನಲ್ಲಿ ಓದಿ ಹೇಳುತ್ತ ಖುಷಿಯಿಂದ ಅಳುತ್ತಿದ್ದಳು. ನಾನು ಅವಳನ್ನು ಸಮಾಧಾನ ಮಾಡಿದೆ.

ಅಣ್ಣನ ಮಗನೂ ಅವನ ಗೆಳೆಯರೂ ಸೇರಿ ಮನೆ ಎಬ್ಬಿಸಿದರು. ಮದುವೆಗೆ ಮುಂಚೆ ಪಡುವಣ ಕೋಣೆ ಖಾಲಿಯಾಗಬೇಕಿತ್ತಲ್ಲ, ಕೈ ಚುರುಕಾಗಿತ್ತು. ಕೆಂಪು ಹೆಂಚು, ಒಂದು ಕಿಟಕಿ, ಕಿಟಕಿಯ ಕೆಳಗೆ ಮೆಷಿನ್ನು. ಗೃಹಪ್ರವೇಶಕ್ಕೆ ಸುಬಕ್‌ನವರೆಲ್ಲ ಅಕ್ಕಿ, ತೆಂಗಿನಕಾಯಿ ಹೊತ್ತು ಬಂದರು. ಊಟ ಮಾಡಿದರು, ಮನೆ ಹೊಗಳಿದರು. ಸುವೆಚ ಮೂರು ಸಲ ಅನ್ನ ಹಾಕಿಸಿಕೊಂಡು, “ನಿನ್ನ ಮನೆ ಸ್ವಲ್ಪ ಎತ್ತರ ಆಯ್ತು, ನನ್ನ ಗದ್ದೆಗೆ ನೆರಳು ಬೀಳತ್ತೆ, ಇನ್ನೊಂದು ಕೇಸು ಹಾಕ್ತೀನಿ,” ಎಂದ. ನಕ್ಕೆವು. ಸಂಜೆಗೆ ಎಲ್ಲರೂ ಹೋದರು. ಬಾಗಿಲು ಹಾಕಿದೆ. ನನ್ನ ಬಾಗಿಲು. ಹಾಕು ಎಂದು ಹೇಳುವವರೂ ಇರಲಿಲ್ಲ.

ಪೆಕಕ್ ಬೆಳಿಗ್ಗೆ ಬರುವುದು ನಿಂತಿತು. ಸಿಟ್ಟಿನಿಂದಲ್ಲ. ಹೊಸ ಕಾಲುವೆಯಲ್ಲಿ ನೀರು ನೇರವಾಗಿ ಅವನ ಗದ್ದೆಗೆ ಬೀಳುತ್ತದೆ, ನನ್ನನ್ನು ಕೇಳುವುದೇನಿದೆ. ಒಂದು ದಿನ ಅವನು ಬದುವಿನ ಮೇಲೆ ಹೋಗುವುದು ಕಂಡು ಕಿಟಕಿಯಿಂದ ನಾನೇ ಕೂಗಿದೆ.

“ಪೆಕಕ್, ನೀರು ಬಂತಾ?”

“ಆಂ?”

“ನೀರು ಬಂತಾ ಅಂದೆ.”

“ಬಂತು, ಬಂತು,” ಎಂದು ಕೈಯೆತ್ತಿ ಹೊರಟುಹೋದ. ಕೂತ್ಕೋ ಎನ್ನೋಣವೆಂದರೆ ಕೂರಲು ನನ್ನ ಕಡೆ ಬದುವೇ ಇಲ್ಲ, ಕಾಂಪೌಂಡು ಎಬ್ಬಿಸಿಬಿಟ್ಟಿದ್ದೇನೆ. ಹಾವುಮೀನನ್ನು ಕಾಂಪೌಂಡಿನ ಮೇಲೆ ಯಾರೂ ಇಡುವುದಿಲ್ಲ.

ನಾಟಿ ಕಾಲ ಬಂತು. ಬೆಳಿಗ್ಗೆ ಗುಡಿಯ ಕಡೆಯಿಂದ ಮರದ ಕುಲ್‌ಕುಲ್ ಬಡಿದರು, ಸಭೆಯ ಬಡಿತ. ಕಾಲು ತಾನಾಗಿ ಎದ್ದು ಹೊಸ್ತಿಲವರೆಗೆ ಹೋಯಿತು. ಹಿಂತಿರುಗಿ ಬಂದು ಮೆಷಿನ್ನಿನ ಮುಂದೆ ಕೂತೆ. ಹಳದಿ ಕೊಡೆಯೊಂದಕ್ಕೆ ಜಾಲರಿ ಹಚ್ಚುವುದಿತ್ತು. ಪಾನ್ ಸುವಿತ್ರಿ ಈಗ ಮೈಕು ಹಿಡಿದು ಹೆಸರು ಕೂಗುತ್ತಾನೆ, ಗದ್ದೆ ದಾಟಿ ಎಲ್ಲ ಕೇಳಿಸುತ್ತದೆ. ಮೆಷಿನ್ನು ನಿಲ್ಲಿಸಿದೆ.

ಮೇಲಿನಿಂದ ಹೆಸರುಗಳು ಇಳಿದು ಬಂದವು. ಇಷ್ಟು ವರ್ಷ ಕೂಗಿದ ಬಾಯಿ, ನನ್ನ ಹೆಸರು ಬರುವ ಕಡೆ ಒಮ್ಮೆ ಎಡವೀತು ಎಂದುಕೊಂಡಿದ್ದೆ. ಎಡವಲಿ ಎಂದು ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಸುವೆಚ ಎಂದ. ಇದ್ದೀನಿ ಎಂದು ಸುವೆಚನ ಸದ್ದು ದೂರದಿಂದ ಬಂತು. ರೆಂತಿಗ್ ಎಂದ ಪಾನ್ ಸುವಿತ್ರಿ, ಉಸಿರೂ ಎಳೆದುಕೊಳ್ಳದೆ. ಪೆಕಕ್‌ಗೆ ಕೇಳಿಸಲಿಲ್ಲ. ರೆಂತಿಗ್ ಎಂದು ಮತ್ತೆ ಕೂಗಿದ. ಆ ಎರಡು ಕೂಗಿನ ನಡುವೆ ನಾನು ಕಿಟಕಿಯ ಕಡೆ ಮುಖ ಮಾಡಿ ಇದ್ದೀನಿ ಎಂದೆ, ಅಷ್ಟೇನೂ ಮೆಲ್ಲಗಲ್ಲ. ಕೇಳಿಸುವಷ್ಟು ಹತ್ತಿರ ಯಾರೂ ಇರಲಿಲ್ಲ.

ನೀರಿನ ಸರದಿ ಹಂಚಿದರು, ಯಾರೋ ಜಗಳ ತೆಗೆದರು, ನಕ್ಕರು. ಸೂಜಿಗೆ ದಾರ ಪೋಣಿಸಿಕೊಂಡು ಹಾಗೇ ಕೂತಿದ್ದೆ. ಕೊನೆಯಲ್ಲಿ ಪಾನ್ ಸುವಿತ್ರಿ ಅಂದು ಬಾರದವರ ಹೆಸರುಗಳನ್ನು ಒಂದೊಂದಾಗಿ ಕೂಗಿ, ಇವರಿಗೆಲ್ಲ ದಂಡ ಎಂದ. ನಾನೂ ಹೋಗಿರಲಿಲ್ಲ. ಅದರಲ್ಲೂ ನನ್ನ ಹೆಸರು ಬರಲಿಲ್ಲ.